ಹರತಾಳದ ಮಣಿಗಳು

ಜುಲೈ 7

ನಾಳೆ ಹರತಾಳ. ಸಂಜೆ ಟೀವಿಯಲ್ಲಿ ಹೇಳಿದರು. ಉತ್ತರದ ಯಾವುದೋ ಊರಿನಲ್ಲಿ ಎರಡು ಪಕ್ಷದವರು ಒಂದು ಧ್ವಜದ ಕಂಬಕ್ಕೆ ಹೊಡೆದಾಡಿಕೊಂಡರಂತೆ. ಅದಕ್ಕೆ ತಿರುವನಂತಪುರದ ನಾವು ಬಾಗಿಲು ಹಾಕಿಕೊಂಡು ಕೂರಬೇಕು. ಮುಂಚೆ ತಿಳಿಸದೆ ಕರೆಯುವ ಇಂಥದ್ದಕ್ಕೆ ಇಲ್ಲಿ ಮಿಂಚು ಹರತಾಳ ಎನ್ನುತ್ತಾರೆ. ಮಿಂಚಿಗೆ ಮಾಡಿದ ಅವಮಾನ. ಮಿಂಚು ಒಂದು ಗಳಿಗೆಯಾದರೂ ಬೆಳಕು ಕೊಡುತ್ತದೆ.

ಸುದ್ದಿ ಬಿದ್ದದ್ದೇ ತಡ, ಮುರಳಿ ಚೇಟ್ಟನ್ ಚೀಲ ಹಿಡಿದು ಕೋಳಿ ತರಲು ಹೊರಟರು. ನನ್ನ ಗಂಡ ಬ್ಯಾಂಕಿನ ನೌಕರಿಗೆ ಒಂದು ದಿನವೂ ಇಷ್ಟು ಚುರುಕಾಗಿ ಎದ್ದವರಲ್ಲ. ಕೋಳಿ ಅಂಗಡಿಯ ಮುಂದೆ ಸಾಲು, ಬಾಟಲಿ ಅಂಗಡಿಯ ಮುಂದೆ ಅದಕ್ಕಿಂತ ಉದ್ದದ ಸಾಲು. ನಾಡಿನ ದುಃಖಾಚರಣೆಗೆ ನಮ್ಮವರು ಸಿದ್ಧರಾಗುವ ರೀತಿ ಇದು.

ನನಗೆ ಒಂದೊಂದು ಹರತಾಳವೂ ನೆನಪಿದೆ. ಪ್ರೀ ಡಿಗ್ರಿಯ ರಸಾಯನಶಾಸ್ತ್ರ ಪರೀಕ್ಷೆ ಮುಂದೆ ಹೋದದ್ದು. ಮದುವೆಯ ದಿನ ಕಾರಿನ ಗಾಜಿಗೆ ‘ಮದುವೆ’ ಎಂದು ಬರೆದ ಕಾಗದ ಅಂಟಿಸಿಕೊಂಡು ದೇವಸ್ಥಾನಕ್ಕೆ ಹೋದದ್ದು. ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ತರುವಾಗ ‘ಮರಣ’ ಎಂದು ಬರೆದು ಅಂಟಿಸಿದ್ದು. ಎರಡೂ ನನ್ನದೇ ಕೈಬರಹ. ಕಲ್ಲು ಹಿಡಿದು ನಿಂತವರು ಎರಡು ಸಲವೂ ಬಗ್ಗಿ ಓದಿ, ಹೋಗಿ ಎಂದು ಕೈ ಬೀಸಿದರು. ಮರೆಯುವ ಜನ ಮರೆಯಲಿ, ನಾನು ಮರೆಯುವವಳಲ್ಲ.

ಟೀವಿಯವರು ಮುಗಿಸುವ ಮೊದಲೇ ಸುಗತನ್ ಫೋನ್ ಮಾಡಿದ. ಹೆಸರಿಗೆ ನಮ್ಮ ಪ್ರಯೋಗಾಲಯದ ತಂತ್ರಜ್ಞ, ನಿಜಕ್ಕೆ ಸಂಸ್ಥೆಯ ಯೂನಿಯನ್ ಕಾರ್ಯದರ್ಶಿ. ನಾಳೆ ತಾನು ಬರುವುದಿಲ್ಲ, ತಮ್ಮವರ ಬೆಂಬಲ ಇದೆ ಎಂದ. ಮದ್ದಿನ ಮಣಿಗಳಿರುವ ಶೀಶೆಗಳ ದ್ರವ ಬದಲಾಯಿಸುವವರು ಯಾರು ಎಂದು ಕೇಳಿದೆ.

“ಹಾಲು, ಪೇಪರ್, ಆಸ್ಪತ್ರೆ, ಮದುವೆ, ಸಾವು, ಇಷ್ಟಕ್ಕೆ ವಿನಾಯಿತಿ ಕೊಟ್ಟಿದೀವಿ ಮೇಡಂ. ನಿಮ್ಮ ಮಣಿಗಳ ಹೆಸರು ಅದ್ರಲ್ಲಿಲ್ಲ. ಮುಂದಿನ ಸಲ ಮೇಲಿನವರಿಗೆ ಹೇಳಿ ನೋಡ್ತೀನಿ.”

ನನ್ನ ಹೆಸರು ತಂಕಮಣಿ, ಮಾಡುವುದೂ ಮಣಿ ಎಂಬ ಹಳೆಯ ತಮಾಷೆಯನ್ನು ಇವತ್ತು ಬಿಟ್ಟದ್ದೇ ಅವನ ದೊಡ್ಡತನ.

ಜುಲೈ 8

ಬೆಳಗಿನಿಂದ ಗೇಟಿಗೆ ಬೀಗ. ರಸ್ತೆಯ ನಡುವೆ ಒಂದು ನಾಯಿ ಕಾಲು ಚಾಚಿ ಮಲಗಿದೆ. ಅದಕ್ಕೆ ಮಾತ್ರ ಈ ನಾಡಿನಲ್ಲಿ ಪೂರ್ಣ ಸ್ವಾತಂತ್ರ್ಯ.

ಪತ್ರಿಕೆಗೆ ಪತ್ರ ಬರೆದೆ. ಪ್ರತಿ ಇಲ್ಲಿರಲಿ:

‘ಮಾನ್ಯ ಸಂಪಾದಕರೇ, ನಾನು ಈ ನಗರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಾಲಿಮರ್ ವಿಜ್ಞಾನಿ. ಮನಸ್ಸಿನ ಕಾಯಿಲೆಯವರು ದಿನವೂ ನುಂಗಬೇಕಾದ ಮದ್ದನ್ನು, ಒಂದು ತಿಂಗಳಿಗೆ ಆಗುವಷ್ಟು, ರವೆಗಿಂತ ಸಣ್ಣ ಮಣಿಗಳೊಳಗೆ ತುಂಬಿ ಒಂದೇ ಚುಚ್ಚಿನಲ್ಲಿ ಪೃಷ್ಠದ ಸ್ನಾಯುವಿನೊಳಗೆ ಇಡುವುದು ನಮ್ಮ ಕೆಲಸ. ಮಣಿಯ ಪಾಲಿಮರ್ ಮೈಯ ನೀರಿನಲ್ಲಿ ಮೆಲ್ಲಗೆ ಸವೆಯುತ್ತಾ ದಿನದ ಮದ್ದನ್ನು ದಿನಕ್ಕೆ ಬಿಡುತ್ತದೆ. ಕೊನೆಗೆ ಏನೂ ಉಳಿಯುವುದಿಲ್ಲ: ಮೊಸರಿನಲ್ಲಿರುವಂಥ ಹುಳಿ, ಆಮೇಲೆ ನೀರು, ಉಸಿರಿನ ಗಾಳಿ. ಇದನ್ನು ಪರೀಕ್ಷಿಸಲು ಮಣಿಗಳನ್ನು ಮೈಯಷ್ಟೇ ಬೆಚ್ಚಗಿನ ಉಪ್ಪುದ್ರವದಲ್ಲಿಟ್ಟು, ದಿನವೂ ಆ ದ್ರವ ಚೆಲ್ಲಿ ಹೊಸದು ತುಂಬುತ್ತೇವೆ. ಯಾಕೆಂದರೆ ಮೈಯಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಇಂದು ನಮ್ಮ ಶೀಶೆಗಳ ದ್ರವ ನಿಂತಿದೆ. ಮಹನೀಯರೇ, ನೀವು ಬಸ್ಸು ನಿಲ್ಲಿಸಬಲ್ಲಿರಿ. ರಕ್ತಕ್ಕೆ ಹರತಾಳ ಗೊತ್ತಿಲ್ಲ.’

ಕೊನೆಯ ವಾಕ್ಯ ಚೆನ್ನಾಗಿ ಬಂದಿದೆ. ಮುರಳಿ ಚೇಟ್ಟನ್‌ಗೆ ಓದಿ ಹೇಳಿದೆ. ಕೋಳಿಗೆ ಉಪ್ಪು ಸಾಕೇ ನೋಡು ಎಂದರು.

ಜುಲೈ 11

ಶುಕ್ರವಾರ ಹರತಾಳ, ಮರುದಿನ ಎರಡನೆಯ ಶನಿವಾರ, ಆಮೇಲೆ ಭಾನುವಾರ. ರಜೆಯಲ್ಲಿ ದ್ರವ ಬದಲಾಯಿಸುವ ಸರದಿಯೂ ಹರತಾಳದ ಗಲಾಟೆಯಲ್ಲಿ ತಪ್ಪಿಹೋಗಿ, ಮೂರು ದಿನ ಯಾರೂ ಒಳಗೆ ಕಾಲಿಟ್ಟಿಲ್ಲ. ಇವತ್ತು ನೋಡಿದರೆ ಆರರಲ್ಲಿ ನಾಲ್ಕು ಶೀಶೆ ಹಾಳು. ದ್ರವ ಹುಳಿಯಾಗಿದೆ. ಇನ್ನೂ ಅರ್ಧ ತಿಂಗಳು ಬರಬೇಕಾಗಿದ್ದ ಮದ್ದೆಲ್ಲ ಒಮ್ಮೆಲೇ ಹೊರಗೆ ಬಂದಿದೆ.

ಸೂಕ್ಷ್ಮದರ್ಶಕದಲ್ಲಿ ಮಣಿಗಳು ಹೊರಗಿನಿಂದ ದುಂಡಗೆ, ನುಣ್ಣಗೆ, ಏನೂ ಆಗದವರ ಹಾಗಿದ್ದವು. ಒಂದನ್ನು ಕೊಯ್ದರೆ ಒಳಗೆ ಪೊಳ್ಳು, ಗೆದ್ದಲು ತಿಂದ ಬಾಗಿಲಿನ ಹಾಗೆ. ಸವೆದ ಪಾಲಿಮರಿನ ಹುಳಿ ಹೊರಗೆ ಹೋಗಲು ದಾರಿಯಿಲ್ಲದಾಗ ಒಳಗೇ ಕೂತು ಮಣಿಯನ್ನು ತಿನ್ನುತ್ತದೆ. ಹೆಚ್ಚು ದಿನ ಬಾಳಲೆಂದು ನಾನು ಮಣಿಯನ್ನು ಕೊಂಚ ದಪ್ಪ ಮಾಡಿದ್ದೇನೆ; ದಪ್ಪವಾದಷ್ಟೂ ಹುಳಿಗೆ ಹೊರದಾರಿ ದೂರ. ದಿನವೂ ತೊಳೆಯುತ್ತಿದ್ದರೆ ತೊಂದರೆಯಿಲ್ಲ.

ಸುಗತನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಿಮ್ಮ ಪಕ್ಷದ ಸಾಧನೆ ನೋಡಪ್ಪ ಎಂದೆ.

“ಬಸ್ಸು ನಿಲ್ಸಿದ್ವಿ, ಕಾರು ನಿಲ್ಸಿದ್ವಿ. ಕಾಲು ನಿಲ್ಸಿರಲಿಲ್ಲ ಮೇಡಂ. ನಿಮ್ಮನೆಯಿಂದ ಇಲ್ಲಿಗೆ ನಡೆದ್ರೆ ಅರ್ಧ ಗಂಟೆ.”

ಐವತ್ತೊಂಬತ್ತರ ಹೆಂಗಸು ಕಲ್ಲಿನ ನಡುವೆ ನಡೆದು ಬರಬೇಕಂತೆ. ಆ ಶೀಶೆಗಳ ಲೆಕ್ಕವನ್ನು ಹೊಡೆದುಹಾಕಿ, ಕಾರಣ ಎಂಬಲ್ಲಿ ‘ಹರತಾಳ’ ಎಂದು ಬರೆದೆ. ಅದೇ ತಯಾರಿಕೆಯ ಮಣಿಗಳಿಂದ ಮೊದಲಿನಿಂದ ಪರೀಕ್ಷೆ ಶುರು. ಮಧ್ಯಾಹ್ನದ ಸಭೆಯಲ್ಲಿ ನಿರ್ದೇಶಕರು, ಆಸ್ಪತ್ರೆಯ ಡಾಕ್ಟರ್ ಹಬೀಬ್, ಎಲ್ಲರೂ ಓದಿದರು. ಒಬ್ಬರೂ ಏನೂ ಕೇಳಲಿಲ್ಲ; ಅಯ್ಯೋ ಎಂದು ತಲೆಯಾಡಿಸಿದರು. ಮಲಯಾಳಿಗೆ ಆ ಒಂದು ಪದ ಸಾಕು.

ಜುಲೈ 15

ಪತ್ರ ಅಚ್ಚಾಗಿದೆ. ಶೀರ್ಷಿಕೆಯೇ ‘ರಕ್ತಕ್ಕೆ ಹರತಾಳ ಗೊತ್ತಿಲ್ಲ’. ನಿರ್ದೇಶಕರು ಕರೆದು ಕೈ ಕುಲುಕಿದರು. ಯೂನಿಯನ್ ಫಲಕದಲ್ಲೂ ಅದನ್ನು ಅಂಟಿಸಿ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ‘ರಕ್ತದಾನ ಶಿಬಿರಕ್ಕೆ ಮೇಡಂ ಬಂದದ್ದು ಯಾವಾಗ?’ ಅಕ್ಷರ ಯಾರದೆಂದು ಗೊತ್ತು.

ಆಗಸ್ಟ್ 9

ಹೊಸ ಪರೀಕ್ಷೆ ಮುಗಿಯಿತು. ಒಂದು ದಿನವೂ ತಪ್ಪದೆ ದ್ರವ ಬದಲಾಯಿಸಿದ್ದೇವೆ. ಮದ್ದು ಹೊರಬಂದ ಗೆರೆ ದಾರ ಹಿಡಿದು ಎಳೆದಂತೆ ನೆಟ್ಟಗಿದೆ. ಹದಿನೈದು ವರ್ಷದ ಕೆಲಸ ಹೀಗೆ ಒಂದು ಗೆರೆಯಾಗಿ ಕಂಡಾಗ ಕಣ್ಣು ಒದ್ದೆಯಾದದ್ದು ನಿಜ. ಮನುಷ್ಯರಿಗೆ ಕೊಡಬಹುದೆಂದು ಸಹಿ ಹಾಕಿದೆ. ಮೊದಲು ಮೂವರು; ಅವರು ಚೆನ್ನಾಗಿದ್ದರೆ ಓಣಂಗೆ ಮುಂಚೆ ಇನ್ನೂ ಎಂಟು ಮಂದಿ.

ನವೆಂಬರಿನಲ್ಲಿ ನಿವೃತ್ತಿ. ಇದನ್ನು ಮುಗಿಸಿ ಹೋಗುತ್ತೇನೆ.

ಆಗಸ್ಟ್ 12

ಇಂದು ಚುಚ್ಚಿದರು. ಹಬೀಬ್ ಬರಹೇಳಿದ್ದರಿಂದ ಹೋಗಿದ್ದೆ. ಮೂವರಲ್ಲಿ ಒಬ್ಬಳು ತಲೆಯ ಮೇಲೆ ಮೀನು ಹೊತ್ತು ಮನೆಮನೆಗೆ ಮಾರುವವಳು, ಒಬ್ಬ ಅಂಚೆಯವನು, ಮೂರನೆಯವರು ವೇಲಪ್ಪನ್, ಬಾಲರಾಮಪುರದ ನೇಕಾರರು. ಐವತ್ತು ದಾಟಿದೆ. ಎರಡು ವರ್ಷದ ಹಿಂದೆ ಮಾತ್ರೆ ಮರೆತು, ನೂಲಿನೊಳಗಿಂದ ಯಾರೋ ಬೈಯುತ್ತಿದ್ದಾರೆಂದು ಮಗ್ಗದ ಹಾಸನ್ನು ಪೂರ್ತಿ ಕತ್ತರಿಸಿಬಿಟ್ಟಿದ್ದರಂತೆ. ಮರೆಯದ ಹಾಗೆ ಏನಾದರೂ ಮಾಡಿ ಎಂದು ಅವರ ಹೆಂಡತಿ ಸರಸಮ್ಮನೇ ಹಬೀಬ್‌ರ ಬೆನ್ನು ಬಿದ್ದದ್ದು.

ಮಣಿಗಳನ್ನು ಮಾಡಿದವಳು ನಾನೆಂದು ಹೇಳಿದಾಗ ವೇಲಪ್ಪನ್ ನನ್ನ ಕೈಗಳನ್ನೇ ನೋಡಿದರು.

“ಒಳಗೇ ಕರಗಿಹೋಗುತ್ತಾ ಮೇಡಂ? ಕಷ್ಟಪಟ್ಟು ಮಾಡಿದ್ದು ಹೆಸರಿಲ್ಲದಂಗೆ ಹೋದ್ರೆ ಬೇಜಾರಾಗಲ್ವಾ? ನಾವು ನೇಯೋದು ಉಳೀಲಿ ಅಂತ.”

ಉಳಿಯದಿರುವುದೇ ಇದರ ಸೊಗಸು ಎಂದೆ. ಸಮ್ಮೇಳನಗಳಲ್ಲಿ ಹೇಳುವ ಮಾತು. ಅವರು ಮರ್ಯಾದೆಗೆ ನಕ್ಕರು.

ಆಗಸ್ಟ್ 27

ವೇಲಪ್ಪನ್ ಏಳುತ್ತಿಲ್ಲ.

ಮಧ್ಯಾಹ್ನ ಮಗ್ಗದಲ್ಲಿ ಕೂತಲ್ಲೇ ಮುಂದಕ್ಕೆ ಬಾಗಿದ್ದರಂತೆ. ಹಣೆ ಹಾಸಿನ ಮೇಲೆ. ದಣಿದು ಮಲಗಿದ್ದಾರೆಂದು ಸರಸಮ್ಮ ಬಿಟ್ಟಿದ್ದಾಳೆ. ಸಂಜೆ ಅಲುಗಾಡಿಸಿದರೆ ಕಣ್ಣು ಬಿಡಲಿಲ್ಲ. ಈಗ ಹಬೀಬ್‌ರ ವಾರ್ಡಿನಲ್ಲಿ, ಮೂಗಿಗೆ ನಳಿಕೆ. ರಕ್ತದಲ್ಲಿ ಮದ್ದು ಒಂದು ದಿನದ್ದಲ್ಲ, ಹಲವು ದಿನದ್ದು.

ಮುಂದೆ ಬರೆಯಲಾಗುತ್ತಿಲ್ಲ.

ಆಗಸ್ಟ್ 28

ಯಾರೋ ತಪ್ಪು ಮಾಡಿದ್ದಾರೆ. ಇಂಥ ನಾಡಿನಲ್ಲಿ ತಪ್ಪು ಮಾಡುವವರಿಗೇನು ಕೊರತೆ. ನರ್ಸ್ ಸೂಜಿಯನ್ನು ರಕ್ತನಾಳಕ್ಕೆ ಹಾಕಿರಬೇಕು. ಆಸ್ಪತ್ರೆಯ ಫ್ರಿಜ್ಜು ಕರೆಂಟು ಹೋದಾಗ ಬೆಚ್ಚಗಾಗಿರಬೇಕು. ಅಥವಾ ಈ ಮನುಷ್ಯ ಹಳೆಯ ಮಾತ್ರೆಯನ್ನೂ ಜೊತೆಗೆ ನುಂಗಿರಬೇಕು. ಹಬೀಬ್‌ಗೆ ಮೂರನ್ನೂ ಹೇಳಿದೆ, ಜೋರಾಗಿಯೇ ಹೇಳಿದೆ, ವಾರ್ಡಿನವರು ತಿರುಗಿ ನೋಡಿದರು.

“ರಕ್ತನಾಳಕ್ಕೆ ಹೋಗಿದ್ರೆ ಅವತ್ತೇ ಮಲಗಬೇಕಿತ್ತು ಮೇಡಂ, ಎರಡು ವಾರ ಬಿಟ್ಟು ಅಲ್ಲ. ಫ್ರಿಜ್ಜು ಕೆಟ್ಟಿದ್ರೆ ಮೂವರೂ ಮಲಗಬೇಕಿತ್ತು.”

ಮೀನಿನವಳು ಇವತ್ತೂ ಬುಟ್ಟಿ ಹೊತ್ತು ಹೋಗಿದ್ದಾಳೆ. ಅಂಚೆಯವನು ಅಂಚೆ ಹಂಚುತ್ತಿದ್ದಾನೆ. ಅವರಿಗೆ ಏನೂ ಇಲ್ಲ. ಹಾಗಾದರೆ ಮಾತ್ರೆಯೇ. ನಾಳೆ ಅವರ ಮನೆಗೆ ಹೋಗಿ ನಾನೇ ನೋಡುತ್ತೇನೆ.

ವೇಲಪ್ಪನ್ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಉಸಿರು ಇದೆ. ಬಲಗೈಯ ಬೆರಳುಗಳು ಲಾಳಿ ಹಿಡಿದ ಹಾಗೆ ಮಡಚಿಕೊಂಡಿವೆ.

ಆಗಸ್ಟ್ 29

ಬಾಲರಾಮಪುರಕ್ಕೆ ಹೋಗಿ ಬಂದೆ. ಇದನ್ನು ಕ್ರಮವಾಗಿ ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಇಲ್ಲವೆನ್ನಬಹುದು.

ಮಾತ್ರೆಗಳು ಮನೆಯಲ್ಲಿಲ್ಲ. ಚುಚ್ಚಿದ ದಿನವೇ ಆಸ್ಪತ್ರೆಯಲ್ಲಿ ಹಿಂದಿರುಗಿಸಿದ್ದಾರೆ. ಬಟ್ಟೆ ಬದಲಾಯಿಸಲು ಬಂದಿದ್ದ ಸರಸಮ್ಮ ನನ್ನನ್ನು ಒಳಗೆ ಕರೆದು ಕಪಾಟು, ಡಬ್ಬಿ, ದೇವರ ಹಲಗೆಯ ಹಿಂದು, ಎಲ್ಲ ತೋರಿಸಿದಳು. ನಾನು ಹುಡುಕಲು ಬಂದಿದ್ದೇನೆಂದು ಅವಳಿಗೆ ಗೊತ್ತಾಗಿತ್ತು. ಆದರೂ ಚಹಾ ಕೊಟ್ಟಳು.

ಮುಂದಿನ ಕೋಣೆಯ ತುಂಬ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಅಂಚಿನ ಹಲಗೆಯ ಮೇಲೆ ಕೂತು ನೇಯುವ ಮಗ್ಗ. ಅರ್ಧ ನೇಯ್ದ ಮುಂಡು, ಜರಿಯಂಚಿನ ಬಿಳಿ ಪಂಚೆ, ಹಾಗೇ ಇತ್ತು. ಹಲಗೆ ನಡುವೆ ಸವೆದು, ಕೂತ ಮನುಷ್ಯನ ಅಚ್ಚು ಅದರಲ್ಲಿ ಮೂಡಿತ್ತು. ಏನಾದರೂ ಕೇಳಬೇಕಲ್ಲ ಎಂದು, ದಿನಕ್ಕೆ ಎಷ್ಟು ಹೊತ್ತು ಕೂರುತ್ತಿದ್ದರು ಎಂದು ಕೇಳಿದೆ.

“ಓಣಂ ಬಂತಲ್ಲ ಮೇಡಂ. ಮುಂಡು ಬೇಕು ಮುಂಡು ಬೇಕು ಅಂತ ಸೊಸೈಟಿಯವರು ದಿನಾ ಆಳು ಕಳಿಸ್ತಾರೆ. ಬೆಳಿಗ್ಗೆ ಗುಂಡಿಗಿಳಿದ್ರೆ ಊಟಕ್ಕೂ ಏಳ್ತಿರಲಿಲ್ಲ, ತಟ್ಟೆ ಅಲ್ಲೇ ಕೊಡ್ತಿದ್ದೆ. ಸಂಜೆ ಎದ್ದು ನಿಲ್ಲಕ್ಕಾಗದೆ ಗೋಡೆ ಹಿಡ್ಕೊಂಡು ನಗೋರು. ‘ಸರಸೂ, ಕೂತ ಜಾಗ ಪೂರ್ತಿ ಹರತಾಳ ಕಣೇ, ಒಂದ್ ಬಸ್ಸೂ ಓಡ್ತಿಲ್ಲ’ ಅಂತ.”

ನಾನೂ ನಕ್ಕೆ. ಚಹಾ ಮುಗಿಸಿ ಬಸ್ಸು ಹತ್ತಿದೆ.

ಕರಮನ ಸೇತುವೆಯ ಮೇಲೆ ಬಸ್ಸು ನಿಂತಿತು, ಮುಂದೆ ವಾಹನಗಳ ಸಾಲು. ಕೆಳಗೆ ಹೊಳೆಯ ಒಂದು ಮಗ್ಗುಲಲ್ಲಿ ನೀರು ಹರಿಯದೆ ಪಾಚಿಗಟ್ಟಿ ನಿಂತಿತ್ತು. ಅದನ್ನು ಸುಮ್ಮನೆ ನೋಡುತ್ತಿದ್ದೆ. ಒಂದ್ ಬಸ್ಸೂ ಓಡ್ತಿಲ್ಲ. ಕೂತ ಜಾಗ. ಚುಚ್ಚಿದ್ದು ಅಲ್ಲೇ. ಮೈಯ ಭಾರವೆಲ್ಲ ಹಲಗೆಯ ಮೇಲೆ, ಆ ಸ್ನಾಯುವಿನ ಮೇಲೆ, ಬೆಳಗಿನಿಂದ ಸಂಜೆಯವರೆಗೆ, ದಿನದ ಮೇಲೆ ದಿನ. ರಕ್ತ ಎಲ್ಲಿ ಹರಿಯಬೇಕು? ಹುಳಿ ಎಲ್ಲಿಗೆ ಹೋಗಬೇಕು?

ಆ ಶೀಶೆಗಳು ಹಾಳಾಗಿರಲಿಲ್ಲ. ಜುಲೈಯಲ್ಲಿ ಅವು ನನಗೆ ಹೇಳುತ್ತಿದ್ದವು. ದ್ರವ ನಿಂತರೆ ನಾವು ಹೀಗೆ ಮಾಡುತ್ತೇವೆ, ನೋಡು ಎಂದು ಒಳಗನ್ನೂ ತೋರಿಸಿದವು. ನಾನು ಅದರ ಮೇಲೆ ಗೆರೆ ಎಳೆದು ಒಂದು ಪದ ಬರೆದೆ.

ಇಳಿಯುವ ಜಾಗ ದಾಟಿ ಕೊನೆಯ ನಿಲ್ದಾಣಕ್ಕೆ ಹೋದೆ. ಕಂಡಕ್ಟರ್ ಬಂದು, ಅಮ್ಮಾ ಬಸ್ಸು ಇಲ್ಲಿಗೇ ಮುಗೀತು ಎಂದ.

ಆಗಸ್ಟ್ 30

ಅತ್ತಂ. ಅಂಗಳದಲ್ಲಿ ಓಣಂನ ಹೂವಿನ ರಂಗೋಲಿ ಶುರುವಾಗುವ ದಿನ. ಹಾಕಲಿಲ್ಲ.

ಬೆಳಿಗ್ಗೆಯೇ ಹಬೀಬ್‌ಗೆ ಹೇಳಿದೆ. ಅವರು ಮೂವರ ಫೈಲನ್ನೂ ತೆಗೆಸಿ ನೋಡಿದರು. ಆಮೇಲೆ ಮೀನಿನವಳನ್ನೂ ಅಂಚೆಯವನನ್ನೂ ವಾರ್ಡಿಗೆ ಕರೆಸಿ ನಿಗಾ ಇಡುತ್ತೇನೆಂದರು. ಅವರಿಬ್ಬರನ್ನು ಕಾಪಾಡಿರುವುದು ಅವರ ಕಾಲು, ನನ್ನ ಲೆಕ್ಕವಲ್ಲ.

ನಿರ್ದೇಶಕರು ಒಪ್ಪಲಿಲ್ಲ. ಶುಕ್ರವಾರ ಎಂಟು ಮಂದಿಗೆ ಚುಚ್ಚುವುದು ನಿಗದಿಯಾಗಿದೆ, ದೆಹಲಿಯಿಂದ ಬರುವವರಿದ್ದಾರೆ. ಒಬ್ಬ ರೋಗಿ ಮಗ್ಗದಲ್ಲಿ ಕೂತ ಎಂಬುದರ ಮೇಲೆ ಹದಿನೈದು ವರ್ಷದ ಕೆಲಸ ನಿಲ್ಲಿಸುವುದೇ, ಪುರಾವೆ ಎಲ್ಲಿ ಎಂದರು. ಪುರಾವೆಗೆ ಎರಡು ವಾರ ಬೇಕು ಎಂದೆ. ಅಲ್ಲಿಯವರೆಗೆ ನರ್ಸಿನ ತಪ್ಪು ಎಂದೇ ಇರಲಿ, ನೀವು ಮರ್ಯಾದೆಯಿಂದ ನಿವೃತ್ತರಾಗಿ ಎಂದು ಮೃದುವಾಗಿಯೇ ಹೇಳಿದರು. ಮೊನ್ನೆ ಆ ನರ್ಸಿನ ಹೆಸರು ಹೇಳಿದವಳು ನಾನೇ. ನಾನು ಏಳುವಾಗ ಅವರು ನಕ್ಕರು.

“ನೀವೇ ಬರೆದಿದ್ರಲ್ಲ ಮೇಡಂ. ರಕ್ತಕ್ಕೆ ಹರತಾಳ ಗೊತ್ತಿಲ್ಲ ಅಂತ.”

ಹೊಸ ಪರೀಕ್ಷೆ ಹೂಡಿದೆ. ಎರಡು ಸಾಲು ಶೀಶೆ. ಒಂದು ಸಾಲಿಗೆ ದಿನವೂ ದ್ರವ ಬದಲು. ಇನ್ನೊಂದಕ್ಕೂ ಮೊದಲ ಕೆಲವು ದಿನ ಬದಲು, ಆಮೇಲೆ ಜುಲೈಯಲ್ಲಿ ಆದ ಹಾಗೆಯೇ ಮೂರು ದಿನ ಮುಟ್ಟುವಂತಿಲ್ಲ. ಓಣಂ ರಜೆ ನಡುವೆ ಬರುತ್ತದೆ. ಯಾರು ಬದಲಾಯಿಸುತ್ತಾರೆ ಎಂದು ನಾನು ಕೇಳುವ ಮೊದಲೇ, ರಜೆಯ ದಿನಗಳಲ್ಲಿ ತಾವೇ ಬರುವುದಾಗಿ ಸುಗತನ್ ಹೇಳಿದರು.

ಆಗಸ್ಟ್ 31

ಕಣ್ಣು ಬಿಟ್ಟರಂತೆ. ಯಾರನ್ನೂ ಗುರುತಿಸಲಿಲ್ಲವಂತೆ. ಮತ್ತೆ ಮಲಗಿದರಂತೆ.

ಸೆಪ್ಟೆಂಬರ್ 1

ತಯಾರಿಕೆಯ ಮೇಲಿದ್ದ ನನ್ನ ಸಹಿಯನ್ನು ಹಿಂದಕ್ಕೆ ಪಡೆದೆನೆಂದು ಬರೆದು ಕೊಟ್ಟೆ. ಬೇರೊಬ್ಬರ ಸಹಿಗೆ ನಿರ್ದೇಶಕರು ಹುಡುಕುತ್ತಿದ್ದಾರೆಂದು ಸಂಜೆ ತಿಳಿಯಿತು. ಸುಗತನ್ ಹತ್ತಿರ ಹೋದೆ. ಶೀತಲ ಕೋಣೆಯಿಂದ ಮಣಿಗಳ ಪೆಟ್ಟಿಗೆಗಳು ನಾಳೆ ಹೊರಗೆ ಹೋಗಬಾರದು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಇದು ಮೇಡಂ ಕರೆದ ಹರತಾಳವಾ?”

ಹೌದು ಎಂದೆ.

“ಎಷ್ಟು ಜನ?”

“ಸದ್ಯಕ್ಕೆ ನಾನೊಬ್ಬಳೇ.”

“ವಿನಾಯಿತಿ ಯಾವ್ಯಾವುದಕ್ಕೆ?”

“ಯಾವುದಕ್ಕೂ ಇಲ್ಲ. ಆಸ್ಪತ್ರೆಗೂ ಇಲ್ಲ.”

ಅವರು ನಗಲಿಲ್ಲ. ನಾನು ನಗುತ್ತಾರೆಂದುಕೊಂಡಿದ್ದೆ.

ಸೆಪ್ಟೆಂಬರ್ 2

ಶೀತಲ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿ ಕೂತೆ. ಸ್ವಲ್ಪ ಹೊತ್ತಿಗೆ ಸುಗತನ್ ಇನ್ನೊಂದು ಕುರ್ಚಿ ತಂದು ಪಕ್ಕದಲ್ಲಿ ಹಾಕಿದರು. ಆಸ್ಪತ್ರೆಯ ವ್ಯಾನು ಬಂತು, ನಿಂತಿತು. ನಿರ್ದೇಶಕರು ಕಾರಿಡಾರಿನ ತುದಿಯವರೆಗೆ ಬಂದು ಹಿಂದಕ್ಕೆ ಹೋದರು. ಮಣಿ ಮಾಡಿದವರ ಸಹಿಯಿಲ್ಲದೆ ತಾನು ಚುಚ್ಚುವುದಿಲ್ಲ ಎಂದು ಹಬೀಬ್ ಫೋನ್ ಮಾಡಿದ್ದಾರೆಂದು ಆಮೇಲೆ ತಿಳಿಯಿತು. ವ್ಯಾನು ಖಾಲಿ ಹೋಯಿತು.

ಎಂಟು ಮಂದಿ. ಅವರ ಮುಖ ನಾನು ನೋಡಿಲ್ಲ.



ಸೆಪ್ಟೆಂಬರ್ 3

ವೇಲಪ್ಪನ್ ಮಾತಾಡಿದರು.

ದಿಂಬಿಗೆ ಒರಗಿ ಕೂತಿದ್ದರು. ಮುಖ ಒಂದು ಕಡೆ ಕೊಂಚ ಬಾತಿದೆ. ಸರಸಮ್ಮ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಗುರುತಿಸಿ, ಬನ್ನಿ ಮೇಡಂ ಎಂದು ಕೈ ಮುಗಿದರು. ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು.

“ಅದನ್ನ ತೆಗೆದುಬಿಡಿ ಮೇಡಂ.”

ಯಾವುದನ್ನು ಎಂದು ನಾನು ಕೇಳಿದೆ. ಗೊತ್ತಿದ್ದೂ ಕೇಳಿದೆ.

“ನಿಮ್ಮ ಮಣಿ. ಇನ್ನೂ ಒಳಗಿದೆಯಂತಲ್ಲ, ಒಡೀದೇ ಇರೋದು. ಡಾಕ್ಟ್ರು ಹೇಳಿದ್ರು.”

ತೆಗೆಯಲು ಆಗುವುದಿಲ್ಲ ಎಂದೆ. ಅಷ್ಟು ಸಣ್ಣ ಮಣಿಗಳು ಸ್ನಾಯುವಿನ ಎಳೆಎಳೆಯ ನಡುವೆ ಹರಡಿಕೊಂಡಿರುತ್ತವೆ, ಅವು ತಾವೇ ಸವೆದು ಮುಗಿಯಬೇಕು ಎಂದೆ. ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ನಾವು ನೇಯ್ದಿದ್ದು ತಪ್ಪಾದ್ರೆ ಬಿಚ್ತೀವಿ. ಒಂದ್ ದಿನದ ಕೆಲಸಕ್ಕೆ ಎರಡು ದಿನ ಹಿಡೀಲಿ, ಎಳೆ ಎಳೆ ಬಿಚ್ತೀವಿ. ಬಿಚ್ಚಕ್ಕಾಗದೇ ಇರೋದನ್ನ ಯಾಕೆ ನೇಯ್ದ್ರಿ?”

ಕೋಪವಿರಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದರು. ಸರಸಮ್ಮ ಸುಮ್ಮನಿರಿ ಎಂದಳು. ನಾನು ಏನು ಹೇಳಿದೆ, ಹೇಗೆ ಹೊರಗೆ ಬಂದೆ, ನೆನಪಿಲ್ಲ. ನನಗೆ ನೆನಪಿಲ್ಲ.

ಸೆಪ್ಟೆಂಬರ್ 8

ತಿರುವೋಣಂ, ಓಣಂನ ಮುಖ್ಯ ದಿನ. ಮುರಳಿ ಚೇಟ್ಟನ್ ಒಬ್ಬರೇ ಎಲೆ ಹಾಕಿಕೊಳ್ಳುವುದಿಲ್ಲವೆಂದು ಪಾಯಸದ ಡಬ್ಬಿ ಹಿಡಿದು ನನ್ನ ಜೊತೆಗೇ ಆಸ್ಪತ್ರೆಗೆ ಬಂದರು. ಮೀನಿನವಳಿಗೂ ಅಂಚೆಯವನಿಗೂ ಕೊಟ್ಟೆವು. ಇಬ್ಬರೂ ಚೆನ್ನಾಗಿದ್ದಾರೆ. ಹೊರಗೆ ಬಿಟ್ಟರೆ ಸಾಕೆಂದು ಕಾರಿಡಾರನ್ನು ತುದಿಯಿಂದ ತುದಿಗೆ ಸವೆಸುತ್ತಿದ್ದಾರೆ.

ವೇಲಪ್ಪನ್‌ಗೆ ಎಲ್ಲವನ್ನೂ ಹೇಳಿದೆ. ಜುಲೈಯ ಶೀಶೆ, ನಾನು ಬರೆದ ಪದ, ಅವರು ಹೆಂಡತಿಗೆ ಹೇಳಿದ ತಮಾಷೆ. ಅವರು ಮೇಲೆ ತಿರುಗುವ ಫ್ಯಾನನ್ನು ನೋಡುತ್ತಾ ಕೇಳಿಸಿಕೊಂಡರು.

“ಉಳಿದ ಎಂಟು ಜನಕ್ಕೆ?”

“ಹಾಕಿಲ್ಲ.”

“ಹಾಕ್ಬೇಡಿ.” ಆಮೇಲೆ ಫ್ಯಾನಿನಿಂದ ಕಣ್ಣು ತೆಗೆದು, “ಆದ್ರೆ ಮಾತ್ರೆ ಮರೆತುಹೋಗುತ್ತೆ ಮೇಡಂ. ಅದೂ ನಿಜ. ನೂಲು ಮತ್ತೆ ಬೈಯಕ್ಕೆ ಶುರು ಮಾಡಿದ್ರೆ ನಾನೇನು ಮಾಡ್ಲಿ?”

ಮಣಿ ಇನ್ನೂ ಸಣ್ಣದಾಗಬೇಕು ಎಂದು ಯೋಚಿಸಿದೆ. ಹುಳಿಯ ದಾರಿ ಹತ್ತಿರವಾಗಬೇಕು. ಚುಚ್ಚುವ ಜಾಗ ಬೇರೆಯಾಗಬೇಕು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ನಡೆದರೆ ಒಳ್ಳೆಯದೇ ಎಂದು ಹಬೀಬ್‌ರನ್ನು ಕೇಳಿದೆ. ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಕೂರುವುದಕ್ಕಿಂತ ಮೇಲು, ನರ್ಸ್ ಜೊತೆಗಿರಲಿ ಎಂದರು. ಅದೇ ನರ್ಸ್. ಅವಳಲ್ಲಿ ಕ್ಷಮೆ ಕೇಳಿದೆ. ಯಾತಕ್ಕೆಂದು ಅವಳಿಗೆ ತಿಳಿಯಲಿಲ್ಲ.

ಸೆಪ್ಟೆಂಬರ್ 13

ದ್ರವ ಬದಲಾಯಿಸದ ಸಾಲಿನ ಮಣಿಗಳು ಒಡೆದಿವೆ. ಬದಲಾಯಿಸಿದ ಸಾಲು ನೆಟ್ಟಗಿದೆ. ಕೊಯ್ದು ನೋಡಿದೆವು, ಅದೇ ಪೊಳ್ಳು. ಸುಗತನ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ನೀವು ಹೇಳಿದ್ದೇ ಸರಿ ಮೇಡಂ ಎಂದರು. ನನ್ನ ಮಾತು ಸರಿಯಾಯಿತೆಂದು ನನಗೆ ಇಷ್ಟು ಭಯವಾದದ್ದು ಇದೇ ಮೊದಲು.

ನಿರ್ದೇಶಕರಿಗೆ ವರದಿ ಕೊಟ್ಟೆ. ‘ಕಾರಣ’ ಎಂಬಲ್ಲಿ ಈ ಸಲ ಎರಡು ಪುಟ ಬರೆದಿದ್ದೇನೆ. ಅವರು ಓದಿ, ಪ್ರಯೋಗ ನಿಲ್ಲಿಸಿ ಎಂದು ಬರೆದು ಸಹಿ ಹಾಕಿದರು. ನನ್ನ ಮುಖ ನೋಡಲಿಲ್ಲ. ನವೆಂಬರಿನ ಬೀಳ್ಕೊಡುಗೆಯ ಮಾತು ಇನ್ನು ಯಾರೂ ಎತ್ತುವುದಿಲ್ಲ.

ಸೆಪ್ಟೆಂಬರ್ 15

ಇವತ್ತು ಹರತಾಳವಂತೆ, ಯಾತಕ್ಕೋ. ನಡೆದು ಹೋದೆ. ಆಸ್ಪತ್ರೆ ನಮ್ಮ ಸಂಸ್ಥೆಗಿಂತ ದೂರ, ಬಿಸಿಲೂ ಇತ್ತು. ಸೇತುವೆಯ ಹತ್ತಿರ ಬಾವುಟ ಹಿಡಿದು ಕೂತಿದ್ದವರಲ್ಲಿ ಒಬ್ಬರು ನೀರು ಬೇಕೇ ಅಕ್ಕಾ ಎಂದು ಬಾಟಲಿ ಚಾಚಿದರು. ಕುಡಿದೆ.

ವೇಲಪ್ಪನ್ ಒಳಗಿನ ಮಣಿಗಳು ಇನ್ನು ಕೆಲವು ದಿನ ಇರುತ್ತವೆ. ಬೆಳಗಿನ ರಕ್ತದಲ್ಲಿ ಮದ್ದು ಎಷ್ಟಿರಬೇಕೋ ಅಷ್ಟೇ ಇತ್ತು. ನಾಳೆಯದು ನಾಳೆ ನೋಡಬೇಕು.

ನಾನು ಹೋಗುವಾಗ ವೇಲಪ್ಪನ್ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತಿದ್ದರು. ಸರಸಮ್ಮ ಮನೆಗೆ ಹೋಗಿದ್ದಾಳೆ, ಬಸ್ಸಿಲ್ಲದೆ ಅಲ್ಲೇ ಉಳಿದಿದ್ದಾಳೆ. ನರ್ಸ್ ಬೇರೆ ಕೆಲಸದಲ್ಲಿದ್ದಳು. ನನ್ನನ್ನು ಕಂಡು ಅವರಿಗೆ ಆಶ್ಚರ್ಯವಾಯಿತು.

“ಇವತ್ತು ಒಂದ್ ಬಸ್ಸೂ ಓಡ್ತಿಲ್ಲವಲ್ಲ ಮೇಡಂ. ಹೇಗ್ ಬಂದ್ರಿ?”

“ನಡೆದು.”

ಅವರು ನನ್ನ ಧೂಳು ಹಿಡಿದ ಚಪ್ಪಲಿಯನ್ನು ನೋಡಿದರು. ಗೋಡೆ ಹಿಡಿದಿದ್ದ ಕೈ ತೆಗೆದು ನನ್ನ ಭುಜದ ಮೇಲಿಟ್ಟರು.

“ಸರಿ ಹಾಗಾದ್ರೆ. ಇನ್ನೊಂದ್ ಸುತ್ತು ನಡೀರಿ.”